ಮಕ್ಕಳಿಗೆ ವಾರ್ಸಾ ಘೆಟ್ಟೋ ಬಗ್ಗೆ ಹೇಳೋದು ಹೇಗೆ

ಪುಣೆ ಕ್ಯಾಂಪ್‌ನಲ್ಲಿ ಕೆಂಪು ಇಟ್ಟಿಗೆಯ ಲಾಲ್ ದೇವಳ ಇದ್ಯಲ್ಲ, ಯೆಹೂದಿಗಳ ಪ್ರಾರ್ಥನಾ ಮಂದಿರ, ನಮ್ಮ ಕನ್ನಡದ ಮಕ್ಕಳಿಗೆ ಹಾಲೋಕಾಸ್ಟ್ (ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ನಡೆಸಿದ ಯೆಹೂದಿಗಳ ಸಾಮೂಹಿಕ ಹತ್ಯೆ) ಬಗ್ಗೆ ಹೇಳೋ ಮೊದಲು ಅದನ್ನ ಹೊರಗಿಂದ ತೋರಿಸಿ, ಇವ್ರು ನಮ್ಮೂರಲ್ಲೂ ಇರೋ ಜನಾನೇ ಅಂತ ಗೊತ್ತಾಗ್ಲಿ. ಶವಗಳ ಫೋಟೋ ಚಿಕ್ಕೋರಿಗೆ ಬೇಡವೇ ಬೇಡ.

ಬಂದೂಕಿಂದ ಶುರು ಮಾಡ್ಬೇಡಿ, ಹಾಲಿನ ಕ್ಯಾನಿಂದ ಶುರು ಮಾಡಿ. ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ಅನ್ನೋ ಇತಿಹಾಸಕಾರರು ಘೆಟ್ಟೋ ಒಳಗೇ, ಅಂದ್ರೆ ಪೋಲೆಂಡಿನ ವಾರ್ಸಾದಲ್ಲಿ ನಾಜಿಗಳು ಗೋಡೆ ಕಟ್ಟಿ ಯೆಹೂದಿಗಳನ್ನ ಕೂಡಿಹಾಕಿದ್ದ ಬಡಾವಣೆಯೊಳಗೇ, ಗುಟ್ಟಾಗಿ ಗುಂಪು ಕಟ್ಟಿ ಡೈರಿ, ಪತ್ರ, ಪೋಸ್ಟರ್, ಮಿಠಾಯಿ ಸುತ್ತೋ ಕಾಗದ ಕೂಡ ಕೂಡಿಟ್ರು, ತಗಡಿನ ಡಬ್ಬಿ, ಹಾಲಿನ ಕ್ಯಾನ್‌ಗಳಲ್ಲಿ ತುಂಬಿ ನೆಲದಲ್ಲಿ ಹೂತ್ರು, ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ತು. ಇಲ್ಲಿ ಸ್ವಲ್ಪ ನಿಲ್ಸಿ. ನೀವಾಗಿದ್ರೆ ಏನು ಹೂತಿಡ್ತಿದ್ರಿ ಅಂತ ಕೇಳಿ, ಬರೆಸಿ, ಅವಸರ ಮಾಡ್ಬೇಡಿ.

ಆಮೇಲೆ 1943ರ ಏಪ್ರಿಲ್ 19. ಕೆಲವೇ ಪಿಸ್ತೂಲು, ಕೈಯಾರೆ ಮಾಡಿದ ಪೆಟ್ರೋಲ್ ಬಾಂಬು ಹಿಡ್ಕೊಂಡು ಘೆಟ್ಟೋದ ಹುಡುಗ ಹುಡುಗೀರು ಜರ್ಮನ್ ಸೇನೆಯನ್ನ ಹತ್ರ ಹತ್ರ ತಿಂಗಳು ತಡೆದ್ರು.

'ಉಳಿದವ್ರು ಯಾಕೆ ತಿರುಗಿ ಬೀಳ್ಲಿಲ್ಲ?' ಅಂತ ಮಕ್ಕಳು ಕೇಳೇ ಕೇಳ್ತಾರೆ. ಆಯುಧ ಇರ್ಲಿಲ್ಲ, ಹಸಿವು, ಒಬ್ರು ಎದುರು ಬಿದ್ರೆ ಹತ್ತಾರು ಜನರನ್ನ ಕೊಲ್ತಿದ್ರು ಅಂತ ನೇರವಾಗಿ ಹೇಳಿ. ಕದ್ದುಮುಚ್ಚಿ ಪಾಠ ಮಾಡಿದ ಟೀಚರ್‌ಗಳನ್ನೂ ಅದೇ ಉಸಿರಲ್ಲಿ ನೆನೀರಿ, ನನ್ನ ಪ್ರಕಾರ ಅವ್ರೂ ಹೋರಾಟಗಾರರೇ.