ಆಫ್ರಿಕಾನ್ಸ್ ಕಲಿಯುವವರೇ, ಎರಡನೇ ‘ನೀ’ ನುಂಗಬೇಡಿ

ಕೆಲಸಕ್ಕೆಂದು ದಕ್ಷಿಣ ಆಫ್ರಿಕಾಕ್ಕೆ ಹೋಗುವ ನಮ್ಮವರು ಆಫ್ರಿಕಾನ್ಸ್ ಕಲಿಯಲು ಕೂತರೆ ಎಲ್ಲವನ್ನೂ ಇಂಗ್ಲಿಷಿಗೆ ಜೋಡಿಸಿ ನೋಡುತ್ತಾರೆ. ಎಡವುವುದು ಅಲ್ಲೇ. ಕನ್ನಡಕ್ಕೆ ಜೋಡಿಸಿ ನೋಡಿ, ಎಷ್ಟೋ ಹಗುರವಾಗುತ್ತದೆ.

ಮೊದಲು ಕ್ರಿಯಾಪದ. ಒಂದು ದಿನ ಸಾಕು. ‘ಎಕ್ ಲೀಸ್’ ಅಂದರೆ ನಾನು ಓದುತ್ತೇನೆ, ‘ಹೆಯ್ ಲೀಸ್’ ಅಂದರೆ ಅವನು ಓದುತ್ತಾನೆ. ಯಾರೇ ಓದಲಿ, ರೂಪ ಬದಲಾಗುವುದಿಲ್ಲ.

ಆಮೇಲೆ ಭೂತಕಾಲ: ‘ಎಕ್ ಹೆತ್ ದೀ ಬೂಕ್ ಖಲೀಸ್’, ಅಂದರೆ ನಾನು ಪುಸ್ತಕ ಓದಿದೆ. ಭೂತಕಾಲ ತೋರಿಸುವ ‘ಹೆತ್’ ಎರಡನೇ ಜಾಗದಲ್ಲಿ, ಓದಿದ್ದು (‘ಖಲೀಸ್’) ಕೊನೆಗೆ. ಆ ‘ಖ’ ಗಂಟಲು ಕೆರೆದ ಹಾಗೆ ಬರಬೇಕು. ಪುಸ್ತಕ ಮೊದಲು, ಓದಿದ್ದು ಆಮೇಲೆ, ನಮ್ಮ ಕ್ರಮವೇ ಅಲ್ವಾ? ‘ಕಾಪ್‌ಸ್ತತ್ ತೂ’ ಅಂದರೆ ಕೇಪ್‌ಟೌನಿಗೆ. ಈ ‘ತೂ’ ಕೂಡ ನಮ್ಮ ‘ಗೆ’ ಥರ ಊರಿನ ಹೆಸರಿನ ಹಿಂದೆಯೇ ಬರುತ್ತದೆ.

ಈಗ ಎಲ್ಲರೂ ಕೆಡಿಸುವ ಹಂತ. ‘ಎಕ್ ಪ್ರಾತ್ ನೀ ಆಫ್ರಿಕಾನ್ಸ್ ನೀ’: ನಾನು ಆಫ್ರಿಕಾನ್ಸ್ ಮಾತಾಡುವುದಿಲ್ಲ. ಇಲ್ಲ ಎನ್ನಲು ಎರಡು ‘ನೀ’ ಬೇಕು. ಎರಡು ಇಲ್ಲ ಸೇರಿದರೆ ಹೌದು ಆಗಿಬಿಡುತ್ತದೆ ಎಂದು ಹೆದರಿ ಹಲವರು ಕೊನೆಯದನ್ನು ಬಿಡುತ್ತಾರೆ. ಹಾಗೇನೂ ಆಗುವುದಿಲ್ಲ. ಕನ್ನಡದಲ್ಲಿ ‘ಇಲ್ಲ’ ಕೂರುವ ಜಾಗದಲ್ಲೇ ಎರಡನೇ ‘ನೀ’ ಇಡಿ. ವಾಕ್ಯ ಉದ್ದವಾದರೂ ಅಷ್ಟೇ. ‘ಎಕ್ ವೀತ್ ನೀ ವತ್ ಹೆಯ್ ಸೇ ನೀ’: ಅವನು ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ. ‘ವೀತ್ ನೀ’ಗೇ ಗೊತ್ತಿಲ್ಲ ಎಂದಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಅವನು ಹೇಳುವುದೆಲ್ಲ ಮುಗಿದ ಮೇಲೆ ಇನ್ನೊಂದು ‘ನೀ’ ಬರಲೇಬೇಕು. ‘ನೀಮಂತ್’ ಅಂದರೆ ಯಾರೂ ಇಲ್ಲ. ಅದರ ಜೊತೆಗೂ ಕೊನೆಯ ‘ನೀ’ ಬೇಕು: ‘ನೀಮಂತ್ ವೀತ್ ನೀ’, ಯಾರಿಗೂ ಗೊತ್ತಿಲ್ಲ. ಎರಡು ‘ನೀ’ ಅಕ್ಕಪಕ್ಕ ಬೀಳುವಂತಿದ್ದರೆ ಮಾತ್ರ ಒಂದೇ ಸಾಕು: ‘ಹೆಯ್ ಕೊಮ್ ನೀ’, ಅವನು ಬರುವುದಿಲ್ಲ.

ದಿನಕ್ಕೆ ಹತ್ತು ವಾಕ್ಯ ಬಾಯಿಬಿಟ್ಟು ಹೇಳಿ. ಕೊನೆಯ ‘ನೀ’ ಬಂದಾಗ ಮೇಜು ತಟ್ಟಿ. ಸುಮ್ನೆ ಓದಿದರೆ ಇದು ನಾಲಿಗೆಗೆ ಹತ್ತುವುದಿಲ್ಲ. ಆಫ್ರಿಕಾನ್ಸ್, ಡಚ್ ಎರಡೂ ಒಂದೇ ಅಂದುಕೊಂಡು ಡಚ್ ಆ್ಯಪ್ ಹಿಡಿಯಲೇಬೇಡಿ. ಕೇಪ್‌ನಲ್ಲಿ ಡಚ್‌ನಿಂದಲೇ ಬೆಳೆದ ಭಾಷೆ ನಿಜ, ಆದರೆ 1925ರಲ್ಲೇ ಅದು ಅಧಿಕೃತ ಭಾಷೆಯಾಯಿತು. ಡಚ್‌ನಲ್ಲಿ ಕ್ರಿಯಾಪದ ಬದಲಾಗುತ್ತದೆ, ಈ ಕೊನೆಯ ‘ನೀ’ ಇಲ್ಲ.

ಕಡೆಯದಾಗಿ ಪದಗಳ ಜಾಗ. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯದು: ‘ಮೋರ ಖಾನ್ ಎಕ್ ಕಾಪ್‌ಸ್ತತ್ ತೂ’, ಅಂದರೆ ನಾಳೆ ನಾನು ಕೇಪ್‌ಟೌನಿಗೆ ಹೋಗುತ್ತೇನೆ. ‘ಒಮ್‌ದತ್’, ಅಂದರೆ ‘ಏಕೆಂದರೆ’, ಬಂತೋ, ಕ್ರಿಯಾಪದ ನಮ್ಮಲ್ಲಿಯ ಹಾಗೆ ಕೊನೆಗೆ ಹೋಗುತ್ತದೆ.