ಕಾಲಮ್‌ಗಳನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ

ಹತ್ತಿ, ತೊಗರಿ, ಭತ್ತದ ಸೀಸನ್ ಶುರುವಾಯಿತೆಂದರೆ ರಾಯಚೂರಿನ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಅಡತ್ ಅಂಗಡಿಗಳ, ಅಂದರೆ ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ ಅಂಗಡಿಗಳ ಕಂಪ್ಯೂಟರಿಗೆ ಬಿಡುವೇ ಇರುವುದಿಲ್ಲ. ತೂಕದ ಚೀಟಿಯ ಫೋಟೊ, ರೈತರ ಬಿಲ್ಲು, ಲಾರಿ ಬಾಡಿಗೆಯ ರಸೀದಿ, ಎಲ್ಲವೂ ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ. ಮಾನ್ವಿಯಿಂದಲೋ ಸಿಂಧನೂರಿನಿಂದಲೋ ಬಂದ ರೈತರು ಕೌಂಟರ್ ಮುಂದೆ ನಿಂತು "ಸಾವ್ಕಾರ್ರೆ, ನಂದು ಮೊನ್ನಿ ಬಿಲ್ಲು ತೆಗೀರಿ" ಅಂದಾಗ ಗುಮಾಸ್ತರು ಮೌಸ್ ಹಿಡಿದು ಪರದೆಯನ್ನು ಮೇಲೆ ಕೆಳಗೆ ಓಡಿಸುತ್ತಾರೆ. ಹೆಸರು ಅರ್ಧಕ್ಕೇ ಕಟ್ ಆಗಿ ಮೂರು ಚುಕ್ಕಿ ಕಾಣುತ್ತದೆ. ತಾರೀಖು ಎಲ್ಲೋ ಬಲತುದಿಯಲ್ಲಿ ಇರುತ್ತದೆ. ಫೈಲು ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಫೋಲ್ಡರಿನ ಪಟ್ಟಿಯಲ್ಲಿ ಹೆಸರು, ತಾರೀಖು ಕಾಣುವ ಈ ಕಾಲಮ್‌ಗಳು ಹೇಗೆ ಬಂದಿವೆಯೋ ಹಾಗೇ ಇರಬೇಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಅವನ್ನು ಹೇಗೆ ಬದಲಿಸಬೇಕು ಅಂತ ನೋಡೋಣ.

ಫೋಲ್ಡರ್ ತೆರೆದು ಮೊದಲು ಕಂಟ್ರೋಲ್, ಶಿಫ್ಟ್ ಮತ್ತು 6 ಒಟ್ಟಿಗೆ ಒತ್ತಿ. 'ಡೀಟೇಲ್ಸ್' ನೋಟ ಬರುತ್ತದೆ. ಕಾಲಮ್ ತಲೆಬರಹ ಕಾಣುವುದು ಈ ನೋಟದಲ್ಲಿ.

ಈಗ ಅಗಲ. ಎರಡು ತಲೆಬರಹಗಳ ನಡುವಿನ ಗೆರೆಯ ಮೇಲೆ ಮೌಸ್ ಇಟ್ಟರೆ ಎರಡು ಕಡೆಯ ಬಾಣ ಬರುತ್ತದೆ. ಅಲ್ಲಿ ಎಳೆಯುತ್ತಾ ಕೂರಬೇಡಿ, ಡಬಲ್ ಕ್ಲಿಕ್ ಮಾಡಿ. ಅತಿ ಉದ್ದದ ಹೆಸರಿಗೆ ಎಷ್ಟು ಜಾಗ ಬೇಕೋ ಅಷ್ಟಕ್ಕೆ ಕಾಲಮ್ ತಾನೇ ಹಿಗ್ಗುತ್ತದೆ. ಎಲ್ಲವೂ ಒಂದೇ ಸಲ ಸರಿಯಾಗಬೇಕೆಂದರೆ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ 'ಸೈಜ್ ಆಲ್ ಕಾಲಮ್ಸ್ ಟು ಫಿಟ್' ಆರಿಸಿ. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇದು ತುಂಬಾ ಬೇಕಾಗುತ್ತದೆ, ನಮ್ಮ ಅಕ್ಷರಗಳು ಅಗಲ ಅಲ್ವಾ. ಹೆಸರನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟಿನ) ಅಕ್ಷರ ಇಲ್ಲಿ ಕನ್ನಡವಾಗಿ ಕಾಣುವುದಿಲ್ಲ.

ಯಾವ ಕಾಲಮ್ ಇರಬೇಕು, ಯಾವುದು ಬೇಡ ಅನ್ನೋದೂ ಅದೇ ರೈಟ್ ಕ್ಲಿಕ್‌ನಲ್ಲಿದೆ. ಬೇಡದ್ದರ ಟಿಕ್ ತೆಗೆಯಿರಿ. 'ನೇಮ್' ಒಂದನ್ನು ಮಾತ್ರ ತೆಗೆಯಲು ಬರುವುದಿಲ್ಲ. ಕೆಳಗಿನ 'ಮೋರ್' ಒತ್ತಿದರೆ ಉದ್ದನೆಯ ಪಟ್ಟಿ ತೆರೆಯುತ್ತದೆ. ಅಲ್ಲಿ 'ಮೂವ್ ಅಪ್', 'ಮೂವ್ ಡೌನ್' ಬಟನ್‌ಗಳಿಂದ ಕ್ರಮ ಬದಲಿಸಬಹುದು, ಅಗಲವನ್ನು ಪಿಕ್ಸೆಲ್ ಲೆಕ್ಕದಲ್ಲೂ ಕೊಡಬಹುದು. ತಲೆಬರಹವನ್ನೇ ಹಿಡಿದು ಎಡಕ್ಕೋ ಬಲಕ್ಕೋ ಎಳೆದರೂ ಆಯಿತು. ನನ್ನ ಸಲಹೆ: ಹೆಸರಿನ ಪಕ್ಕದಲ್ಲೇ ತಾರೀಖು ಇರಲಿ, ಉಳಿದದ್ದೆಲ್ಲ ಆಮೇಲೆ.

ಯಾವ ತಾರೀಖು?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪೆನ್‌ಡ್ರೈವಿನಿಂದ ಫೈಲನ್ನು ಕಾಪಿ ಮಾಡಿದರೆ 'ಡೇಟ್ ಕ್ರಿಯೇಟೆಡ್' ಕಾಲಮ್ಮಿನಲ್ಲಿ ಕಾಪಿ ಮಾಡಿದ ದಿನ ಬರುತ್ತದೆ. 'ಡೇಟ್ ಮಾಡಿಫೈಡ್' ಮಾತ್ರ ಹಳೆಯದೇ ಉಳಿಯುತ್ತದೆ. ಹಾಗಾಗಿ ಹೋದ ವರ್ಷದ ಬಿಲ್ಲು ಇವತ್ತೇ ಹುಟ್ಟಿದಂತೆ ಕಾಣಬಹುದು. ಫೋಟೊಗಳಿಗೆ 'ಡೇಟ್ ಟೇಕನ್' ಅಂತ ಇನ್ನೊಂದು ಕಾಲಮ್ ಇದೆ, ಫೋಟೊ ತೆಗೆದ ದಿನ ಅದರಲ್ಲಿರುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಬಂದರೆ ಅದು ಖಾಲಿ. ತೂಕದ ಚೀಟಿಯನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿಡಿ, ಆಗ ಆ ಮಾಹಿತಿ ಉಳಿಯುತ್ತದೆ.

ಮೊನ್ನೆಯ ಬಿಲ್ಲು ಬೇಕೆಂದರೆ ತಾರೀಖಿನ ತಲೆಬರಹದ ಬಲತುದಿಗೆ ಮೌಸ್ ಒಯ್ಯಿರಿ. ಸಣ್ಣ ಬಾಣ ಕಾಣುತ್ತದೆ. ಒತ್ತಿದರೆ ಕ್ಯಾಲೆಂಡರ್ ತೆರೆಯುತ್ತದೆ. ದಿನ ಆರಿಸಿದರೆ ಆ ದಿನದ ಫೈಲುಗಳಷ್ಟೇ ಉಳಿಯುತ್ತವೆ. ಕೆಲಸ ಮುಗಿದ ಮೇಲೆ ಆ ಆಯ್ಕೆ ತೆಗೆಯಿರಿ. ಇಲ್ಲದಿದ್ದರೆ ಉಳಿದ ಫೈಲುಗಳು ಅಳಿಸಿಹೋದವು ಅಂತ ಸುಮ್ನೆ ಗಾಬರಿ. 'ಡೌನ್‌ಲೋಡ್ಸ್' ಫೋಲ್ಡರ್ ದಿನವಾರು ಗುಂಪಾಗಿ ಕಂಡರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಗ್ರೂಪ್ ಬೈ' ಒಳಗೆ 'ನನ್' (None) ಆರಿಸಿ.

ಈ ಜೋಡಣೆ ಬೇರೆ ಫೋಲ್ಡರುಗಳಿಗೂ ಬೇಕಾದರೆ 'ಆಪ್ಷನ್ಸ್' ತೆರೆಯಿರಿ. 11ರಲ್ಲಿ ಅದು ಮೇಲಿನ ಮೂರು ಚುಕ್ಕಿಯೊಳಗೆ, 10ರಲ್ಲಿ 'ವ್ಯೂ' ಟ್ಯಾಬಿನಲ್ಲಿ. ಅಲ್ಲಿನ 'ವ್ಯೂ' ಪುಟದಲ್ಲಿ 'ಅಪ್ಲೈ ಟು ಫೋಲ್ಡರ್ಸ್' ಒತ್ತಿ. ಇದು ಒಂದೇ ಬಗೆಯ ಫೋಲ್ಡರುಗಳಿಗಷ್ಟೇ ಅನ್ವಯಿಸುತ್ತದೆ. ಫೋಟೊ ಫೋಲ್ಡರ್, ಡಾಕ್ಯುಮೆಂಟ್ ಫೋಲ್ಡರ್ ಅಂತ ವಿಂಡೋಸ್ ಬೇರೆ ಬೇರೆ ಎಣಿಸುತ್ತದೆ. ಬಗೆ ಬದಲಿಸಬೇಕೆಂದರೆ ಫೋಲ್ಡರಿನ 'ಪ್ರಾಪರ್ಟೀಸ್'ಗೆ ಹೋಗಿ 'ಕಸ್ಟಮೈಸ್' ಪುಟದಲ್ಲಿ ಬದಲಿಸಿ.

ಎಕ್ಸೆಲ್‌ನಲ್ಲಿ

ಮೊತ್ತದ ಜಾಗದಲ್ಲಿ ##### ಕಂಡರೆ ಹೆದರಬೇಡಿ. ಲೆಕ್ಕ ಕೆಟ್ಟಿಲ್ಲ, ಕಾಲಮ್ ಕಿರಿದಾಗಿದೆ. ಇಲ್ಲೂ ಮೇಲಿನ ಎ, ಬಿ, ಸಿ ಅಕ್ಷರಗಳ ನಡುವೆ, ಆ ಕಾಲಮ್ಮಿನ ಬಲಗೆರೆಯ ಮೇಲೆ ಡಬಲ್ ಕ್ಲಿಕ್ ಸಾಕು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಇದೇ ದಾರಿ.

ಒಂದು ತೊಂದರೆ ಮಾತ್ರ ಪದೇ ಪದೇ ಕಾಡುತ್ತದೆ. ಮೊದಲ ಸಾಲಿನಲ್ಲಿ ಅಂಗಡಿಯ ಹೆಸರು, ವಿಳಾಸ ಉದ್ದಕ್ಕೆ ಬರೆದಿದ್ದರೆ ಡಬಲ್ ಕ್ಲಿಕ್ ಮಾಡಿದಾಗ 'ಎ' ಕಾಲಮ್ ಆ ವಿಳಾಸದಷ್ಟೇ ಅಗಲವಾಗಿ ಉಳಿದದ್ದೆಲ್ಲ ಪರದೆಯಾಚೆ ಹೋಗುತ್ತದೆ. ಆಗ ವಿಳಾಸ ಬಿಟ್ಟು ಲೆಕ್ಕದ ಸಾಲುಗಳನ್ನಷ್ಟೇ ಸೆಲೆಕ್ಟ್ ಮಾಡಿ. 'ಹೋಮ್' ಟ್ಯಾಬಿನಲ್ಲಿ 'ಫಾರ್ಮ್ಯಾಟ್', ಅದರೊಳಗೆ 'ಆಟೋಫಿಟ್ ಕಾಲಮ್ ವಿಡ್ತ್' ಒತ್ತಿ. ಸೆಲೆಕ್ಟ್ ಆದಷ್ಟಕ್ಕೇ ಅಗಲ ಹೊಂದುತ್ತದೆ. ಅಂದಕ್ಕೆ ಅಂತ ಲೆಕ್ಕದ ನಡುವೆ ಸೆಲ್‌ಗಳನ್ನು ಮರ್ಜ್ ಮಾಡುವುದನ್ನು ದಯವಿಟ್ಟು ಬಿಡಿ. ಆಮೇಲೆ ಸಾರ್ಟ್ ಮಾಡಲು ಹೋದರೆ ಎಕ್ಸೆಲ್ ತಕರಾರು ತೆಗೆಯುತ್ತದೆ.

ಕಾಲಮ್ಮಿನ ಜಾಗ ಬದಲಿಸಲು ಅದನ್ನು ಸೆಲೆಕ್ಟ್ ಮಾಡಿ, ಅಂಚು ಹಿಡಿದು, ಶಿಫ್ಟ್ ಒತ್ತಿಕೊಂಡೇ ಎಳೆಯಿರಿ. ಶಿಫ್ಟ್ ಬಿಟ್ಟು ಎಳೆದರೆ ಇದ್ದ ಲೆಕ್ಕದ ಮೇಲೇ ಹೋಗಿ ಕೂರುತ್ತದೆ. ರೈತರ ಹೆಸರು 'ಎ' ಕಾಲಮ್ಮಿನಲ್ಲಿದ್ದರೆ 'ವ್ಯೂ' ಟ್ಯಾಬಿನ 'ಫ್ರೀಜ್ ಫಸ್ಟ್ ಕಾಲಮ್' ಹಾಕಿ. ತೂಕ, ದರ, ಹಮಾಲಿ, ಕಮಿಷನ್ ಅಂತ ಬಲಕ್ಕೆ ಎಷ್ಟು ಹೋದರೂ ಹೆಸರು ಎದುರಲ್ಲೇ ಇರುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಕಟ್ ಆಗುತ್ತಿದ್ದರೆ ಎಡತುದಿಯಲ್ಲಿರುವ ಸಾಲಿನ ಸಂಖ್ಯೆಯ ಕೆಳಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ, ಎತ್ತರ ಸರಿಹೋಗುತ್ತದೆ.

ಪ್ರಿಂಟ್ ತೆಗೆಯುವಾಗ ಕೊನೆಯ ಕಾಲಮ್ ಇನ್ನೊಂದು ಹಾಳೆಗೆ ಹೋಗುತ್ತಿದ್ದರೆ 'ಪೇಜ್ ಲೇಔಟ್' ಟ್ಯಾಬಿನಲ್ಲಿ 'ವಿಡ್ತ್' ಅನ್ನು ಒಂದು ಪುಟಕ್ಕೆ ಇಡಿ. 'ಹೈಟ್' ಆಟೋಮ್ಯಾಟಿಕ್ ಇರಲಿ. ಎರಡನ್ನೂ ಒಂದಕ್ಕೆ ಇಟ್ಟರೆ ಇಡೀ ಸೀಸನ್ನಿನ ಲೆಕ್ಕ ಒಂದೇ ಹಾಳೆಗೆ ಬಂದು, ಓದಲು ಆಗದಷ್ಟು ಅಕ್ಷರ ಸಣ್ಣದಾಗುತ್ತದೆ.