ಮೊದಲ ಟ್ರೇಲ್ ಅಲ್ಟ್ರಾ: ನಡೆಯಲು ನಾಚದವರಿಗೆ

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದನ್ನು ದಾಟಿದ್ದೆಲ್ಲ ಅಲ್ಟ್ರಾ. ಅದೂ ಡಾಂಬರು ಬಿಟ್ಟು ಕಾಡುಗುಡ್ಡದ ಕಾಲುದಾರಿಯಲ್ಲಿ ಎಂದರೆ ಎದೆ ಝಲ್ಲೆನ್ನುವುದು ಸಹಜ. 1974ರಲ್ಲಿ ಗೋರ್ಡಿ ಐನ್ಸ್‌ಲೀ ಎಂಬಾತ ಕ್ಯಾಲಿಫೋರ್ನಿಯಾದ 100 ಮೈಲಿ ಕುದುರೆ ರೇಸಿಗೆ ಕುದುರೆಯನ್ನೇ ಬಿಟ್ಟು ಇಳಿದ. 23 ಗಂಟೆ 42 ನಿಮಿಷದಲ್ಲಿ ಮುಗಿಸಿಯೂ ಬಿಟ್ಟ. ಈಗಿನ ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿಕೊಂಡದ್ದು ಹಾಗೆ. ನಿಮಗೆ ಮೊದಲ ಸಲಕ್ಕೆ 50 ಕಿ.ಮೀ. ಧಾರಾಳ.

ಓಟ ಆರಿಸುವಾಗ ದೂರಕ್ಕಿಂತ ಮೊದಲು ಏರು ನೋಡಿ. ಪ್ರತಿ 100 ಮೀಟರ್ ಏರಿಗೆ ಒಂದು ಕಿ.ಮೀ. ಸೇರಿಸುವುದು ಟ್ರೇಲ್ ಓಟಗಾರರ ಲೆಕ್ಕ. 50 ಕಿ.ಮೀ. ದಾರಿಯಲ್ಲಿ ಒಟ್ಟು 2,500 ಮೀಟರ್ ಏರಿದ್ದರೆ ನಿಮ್ಮ ಕಾಲಿನ ಪಾಲಿಗೆ ಅದು 75. ಆಮೇಲೆ ಕಟ್‌ಆಫ್ ಸಮಯ ನೋಡಿ, ಅಂದರೆ ಅಷ್ಟರೊಳಗೆ ತಲುಪದಿದ್ದರೆ ಓಟದಿಂದ ಹೊರಗಿಡುವ ಗಡುವು. ಕೊನೆಯದಷ್ಟೇ ಅಲ್ಲ, ನಡುವಿನ ಪಾಯಿಂಟ್‌ಗಳದ್ದೂ. ಎಷ್ಟೋ ಜನ ಹೊರಬೀಳುವುದು ಅಲ್ಲಿಯೇ.

ತಯಾರಿಗೆ ಐದಾರು ತಿಂಗಳು ಇಟ್ಟುಕೊಳ್ಳಿ, ಅದೂ ಹಾಫ್ ಮ್ಯಾರಥಾನ್ ಓಡಿ ರೂಢಿಯಿದ್ದರೆ. ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ. ಶನಿವಾರ ಮೂರು ಗಂಟೆ, ಭಾನುವಾರ ಅದೇ ದಣಿದ ಕಾಲಲ್ಲಿ ಇನ್ನೆರಡು ಗಂಟೆ: ರೇಸಿನ ಕೊನೆಯ ಭಾಗ ಹೇಗಿರುತ್ತದೆ ಎಂಬುದರ ರುಚಿ ಸಿಗುವುದು ಆ ಭಾನುವಾರವೇ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ವೇಗ ಅಷ್ಟಿದ್ದರೆ ಸಾಕು. ಕಡಿದಾದ ಏರಲ್ಲಿ ನಡೆಯಿರಿ, ಕೈಯನ್ನು ತೊಡೆಗೆ ಊರಿ ಬಿರುಸಾಗಿ ನಡೆಯಿರಿ. ನಡೆದರೆ ಮಾನ ಹೋಗುತ್ತದೆ ಎಂದುಕೊಂಡವರನ್ನು ಮಧ್ಯಾಹ್ನದ ಹೊತ್ತಿಗೆ ನೀವೇ ದಾಟುತ್ತೀರಿ.

ಹೊಸಬರು ಏರಿಗೆ ಹೆದರುತ್ತಾರೆ. ಕಾಲು ಹಾಳುಮಾಡುವುದು ನಿಜಕ್ಕೂ ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕಾಗುತ್ತದೆ; ನಾರುಗಳು ಸಣ್ಣಗೆ ಹರಿದು ನೋವು ಕೂರುತ್ತದೆ. ಮದ್ದು ಒಂದೇ, ವಾರಕ್ಕೊಮ್ಮೆ ಇಳಿಜಾರು ಓಡಿ ಅದಕ್ಕೆ ಕಾಲನ್ನು ಒಗ್ಗಿಸುವುದು. ಸಣ್ಣ ಹೆಜ್ಜೆ, ಕಣ್ಣು ನಾಲ್ಕು ಮೀಟರ್ ಮುಂದೆ. ರೇಸಿಗೆ ಮುಂಚಿನ ಎರಡು ವಾರ ಓಟ ಕಡಿಮೆ ಮಾಡಿ.

ಇನ್ನು ಹೊಟ್ಟೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಹೋಗಬೇಕು, ಮೊದಲ ಗಂಟೆಯಿಂದಲೇ. ಹಸಿವಾದಾಗ ತಿನ್ನೋಣ ಎಂದು ಕಾದರೆ ಕೆಟ್ಟಿರಿ. ಆಗ ವಾಕರಿಕೆ ಬಂದು ತುತ್ತು ಇಳಿಯುವುದಿಲ್ಲ. ಜೆಲ್ಲೋ (ಓಟಗಾರರು ಹೀರುವ ಸಕ್ಕರೆ ಪಾಕದ ಪೊಟ್ಟಣ) ಬಾಳೆಹಣ್ಣೋ, ತಯಾರಿಯ ದಿನಗಳಲ್ಲಿ ತಿಂದು ನೋಡದ್ದನ್ನು ರೇಸಿನ ದಿನ ಮುಟ್ಟಬೇಡಿ. ನೀರು ಬಾಯಾರಿಕೆಗೆ ತಕ್ಕಷ್ಟು. ಹೆದರಿ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆ ಗೊಂದಲವಾಗುತ್ತದೆ, ಜೀವಕ್ಕೇ ಅಪಾಯವಾದೀತು. ನೋವೆಂದು ಐಬುಪ್ರೊಫೆನ್ ನುಂಗಬೇಡಿ. ಬೆವರಿ ಬಸವಳಿದ ದೇಹದಲ್ಲಿ ಅದು ಕಿಡ್ನಿಗೆ ಹೊರೆ.

ಶೂ ಅರ್ಧ ಸೈಜ್ ದೊಡ್ಡದಿರಲಿ, ಗಂಟೆಗಟ್ಟಲೆ ಓಡಿದರೆ ಪಾದ ಊದುತ್ತದೆ. ಹೆಡ್‌ಲ್ಯಾಂಪ್, ವಿಷಲ್, ಮಳೆ ಜಾಕೆಟ್ ಮುಂತಾಗಿ ಆಯೋಜಕರು ಕಡ್ಡಾಯ ಎಂದದ್ದೆಲ್ಲ ಬ್ಯಾಗಿನಲ್ಲಿರಲಿ. ನನ್ನ ಮೊದಲ ಅಲ್ಟ್ರಾದ 18ನೇ ಕಿ.ಮೀ.ನಲ್ಲಿ ಬಲ ಶೂ ಒಳಗೆ ಸಾಸಿವೆಯಷ್ಟು ಕಲ್ಲು ಸೇರಿತು. ತೆಗೆಯಲು ಬೇಕಿದ್ದದ್ದು ಒಂದು ನಿಮಿಷ. ಮುಂದಿನ ಏಡ್ ಸ್ಟೇಷನ್‌ನಲ್ಲಿ (ದಾರಿ ನಡುವೆ ನೀರು, ತಿಂಡಿ ಸಿಗುವ ತಾಣ) ನೋಡೋಣ ಎಂದೆ. 30ನೇ ಕಿ.ಮೀ. ಹೊತ್ತಿಗೆ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ, ಉಳಿದ ಇಪ್ಪತ್ತು ಕುಂಟು. ಶೂ ಒಳಗೆ ಏನೇ ಚುಚ್ಚಲಿ, ಅಲ್ಲೇ ನಿಂತು ಬಿಚ್ಚಿ.

ರೇಸಿನ ಬೆಳಿಗ್ಗೆ ಸಾಲಿನ ಹಿಂದೆ ನಿಲ್ಲಿ. ಮೊದಲ ಹತ್ತು ಕಿ.ಮೀ. ಇಷ್ಟು ನಿಧಾನವೇ ಎಂದು ನಿಮಗೇ ಬೇಜಾರಾಗಬೇಕು. ಏಡ್ ಸ್ಟೇಷನ್‌ಗೆ ಮುಂಚೆಯೇ ಏನು ಮಾಡಬೇಕೆಂದು ಹೇಳಿಕೊಳ್ಳಿ: ಬಾಟಲಿ ತುಂಬು, ತಿನ್ನು, ಹೊರಡು. ಕುರ್ಚಿ ಕಂಡರೆ ಕೂರಬೇಡಿ, ಕೂತರೆ ಏಳಲು ಮನಸ್ಸು ಬರುವುದಿಲ್ಲ. ನಡುವೆ ಎಲ್ಲೋ ಒಮ್ಮೆ ‘ಯಾಕಪ್ಪಾ ಬಂದೆ’ ಅನ್ನಿಸಿಯೇ ಅನ್ನಿಸುತ್ತದೆ. ಆಗ ಏನಾದರೂ ತಿಂದು ಹತ್ತು ನಿಮಿಷ ನಡೆಯಿರಿ, ಬಹುಪಾಲು ಅದು ಹಸಿವೇ. ಉಸಿರಾಟದ ತೊಂದರೆ, ಎದೆನೋವು, ತಲೆ ಗೊಂದಲ ಮಾತ್ರ ಹಸಿವಲ್ಲ. ಅಲ್ಲಿಗೆ ಓಟ ಬಿಡಿ, ವೈದ್ಯರನ್ನು ಕಾಣಿ.

ಮುಗಿಸಿದ ಮೇಲೆ ಒಂದು ವಾರ ಓಡಬೇಡಿ. ಎರಡು ದಿನ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ. ಮನೆಯವರು ನಗುತ್ತಾರೆ, ನಗಲಿ.